ಬ್ಯಾಕ್‌ಸೆಟ್, ಸಿಲಿಂಡರ್, ಸ್ಟ್ರೈಕ್ ಪ್ಲೇಟ್: ಮುಂಬಾಗಿಲ ಲಾಕ್‌ನಲ್ಲಿ ಯಾವುದು ಏನು, ಯಾವುದನ್ನು ಬದಲಿಸಬೇಕು?

ಪ್ರಶ್ನೆ: ನಮ್ಮ ಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಮುಂಬಾಗಿಲಿಗೆ ಹ್ಯಾಂಡಲ್ ಇರುವ ಲಾಕ್ ಹಾಕಿಸಿದ್ದೇವೆ. ಇದ್ದ ಕೀಗಳಲ್ಲಿ ಒಂದು ಎಲ್ಲೋ ಕಳೆದುಹೋಯಿತು. ಬಡಗಿಯವರು ‘ಪೂರ್ತಿ ಲಾಕ್ ಬದಲಿಸಿಬಿಡಿ’ ಎಂದರು. ಹಾರ್ಡ್‌ವೇರ್ ಅಂಗಡಿಗೆ ಹೋದರೆ ‘ಮಾರ್ಟಿಸಾ, ರಿಮ್ಮಾ? ಬ್ಯಾಕ್‌ಸೆಟ್ ಎಷ್ಟು? ಸಿಲಿಂಡರ್ ಅರವತ್ತಾ, ಎಪ್ಪತ್ತಾ? ಎರಡೂ ಕಡೆ ಕೀ ಬೇಕಾ?’ ಎಂದು ಕೇಳಿದರು. ಒಂದೂ ಗೊತ್ತಾಗದೆ ವಾಪಸ್ ಬಂದೆ. ಮಳೆಗಾಲ ಶುರುವಾದಾಗಿನಿಂದ ಕೀ ತಿರುಗಿಸುವುದೂ ಕಷ್ಟವಾಗಿದೆ. ಈ ಪದಗಳನ್ನು ಬಿಡಿಸಿ ಹೇಳುತ್ತೀರಾ? ನಾನು ನಿಜಕ್ಕೂ ಏನು ಕೊಳ್ಳಬೇಕು?

ಉತ್ತರ: ಸದ್ಯಕ್ಕೆ ಪೂರ್ತಿ ಲಾಕ್ ಕೊಳ್ಳಬೇಡಿ. ಕೀ ಕಳೆದಾಗ ಬದಲಿಸಬೇಕಾದದ್ದು ಕೀಯನ್ನು ಗುರುತಿಸುವ ಭಾಗವನ್ನು ಮಾತ್ರ. ಅದರ ಹೆಸರು ಸಿಲಿಂಡರ್. ಹ್ಯಾಂಡಲ್ ಇರುವ ಈಗಿನ ಲಾಕ್‌ಗಳಲ್ಲಿ ಅದು ಬಿಡಿಯಾಗಿಯೇ ಸಿಗುತ್ತದೆ. ಒಂದು ಸ್ಕ್ರೂ ಬಿಚ್ಚಿದರೆ ಹಳೆಯದು ಹೊರಗೆ ಬರುತ್ತದೆ, ಹೊಸದು ಅದೇ ಜಾಗದಲ್ಲಿ ಕೂರುತ್ತದೆ. ಮಳೆಗಾಲದಲ್ಲಿ ಕೀ ಬಿಗಿಯಾಗುವುದು ಬೇರೆಯೇ ತೊಂದರೆ. ಅದಕ್ಕೆ ಕಾರಣ ಹೆಚ್ಚಾಗಿ ಬಾಗಿಲು ಮತ್ತು ಚೌಕಟ್ಟು. ಹೊಸ ಲಾಕ್ ಹಾಕಿಸಿದರೂ ಅದು ಹಾಗೇ ಉಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಹೀಗೆ ದುಡ್ಡು ಸುಮ್ನೆ ಹೋಗಿರುವುದನ್ನು ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಯಾವ ಬೀಗವನ್ನೇ ತೆಗೆದುಕೊಳ್ಳಿ, ಅದರಲ್ಲಿ ಮೂರು ಕೆಲಸ ನಡೆಯುತ್ತವೆ. ಬಾಗಿಲಿನಿಂದ ಒಂದು ಗಟ್ಟಿ ತುಂಡು ಹೊರಗೆ ಬರಬೇಕು. ಸರಿಯಾದ ಕೀ ಹಾಕಿದಾಗ ಮಾತ್ರ ಅದು ಅಲುಗಬೇಕು. ಹೊರಗೆ ಬಂದ ತುಂಡನ್ನು ಚೌಕಟ್ಟು ಹಿಡಿದುಕೊಳ್ಳಬೇಕು. ಅಂಗಡಿಯವರು ಹೇಳುವ ಪ್ರತಿ ಪದವೂ ಈ ಮೂರರಲ್ಲಿ ಒಂದಕ್ಕೆ ಸೇರಿದ್ದು. ಯಾವ ಪದ ಯಾವ ಕೆಲಸಕ್ಕೆ ಸೇರಿದ್ದು ಎಂದು ಗೊತ್ತಾದರೆ, ಯಾವ ಭಾಗ ಕೆಟ್ಟಿದೆ ಎಂಬುದೂ ತಾನಾಗಿ ಗೊತ್ತಾಗುತ್ತದೆ.

ಮೊದಲು ಲಾಕ್‌ನ ಜಾತಿ. ಬಾಗಿಲಿನ ಅಂಚಿನಲ್ಲಿ ಮರವನ್ನು ಕೊರೆದು, ಆ ಗೂಡಿನೊಳಗೆ ಪೂರ್ತಿ ಕೂರಿಸುವ ಲಾಕ್‌ಗೆ ಮಾರ್ಟಿಸ್ ಲಾಕ್ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಹ್ಯಾಂಡಲ್ ಮತ್ತು ಕೀ ತೂತು ಮಾತ್ರ ಕಾಣುತ್ತದೆ. ಬಾಗಿಲು ತೆರೆದು ಅಂಚನ್ನು ನೋಡಿದರೆ ಉದ್ದನೆಯ ಲೋಹದ ಪಟ್ಟಿ ಕಾಣುತ್ತದೆ. ನಿಮ್ಮದು ಇದೇ ಇರಬೇಕು. ಬಾಗಿಲಿನ ಒಳಮೈ ಮೇಲೆ ಪೆಟ್ಟಿಗೆಯ ಹಾಗೆ ಕೂರುವುದು ರಿಮ್ ಲಾಕ್. ಅದಕ್ಕೆ ಬಾಗಿಲನ್ನು ಅಷ್ಟು ಕೊರೆಯಬೇಕಿಲ್ಲ, ಹೊರಗಿನ ಕೀ ಬರಲು ಒಂದು ತೂತು ಸಾಕು. ತೆಳುವಾದ ಬಾಗಿಲಿಗೆ ಅದೇ ಒಳ್ಳೆಯದು. ಯಾಕೆಂದರೆ ಮಾರ್ಟಿಸ್ ಕೂರಿಸಲು ಕೊರೆದಾಗ ಎರಡೂ ಪಕ್ಕ ಉಳಿಯುವ ಮರ ತೀರಾ ಕಡಿಮೆಯಾದರೆ ಬಾಗಿಲು ಅಲ್ಲೇ ಸೀಳುತ್ತದೆ. ಎಳೆದ ತಕ್ಷಣ ತಾನಾಗಿ ಬೀಗ ಬೀಳುವ ನೈಟ್ ಲ್ಯಾಚ್ ಕೂಡ ರಿಮ್ ಜಾತಿಯದೇ. ಅದರಲ್ಲಿ ಒಳಗಡೆ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಸರಿಸಿದರೆ ಬಾಗಿಲಿನಿಂದ ಹೊರಗೆ ಬರುವ ಆ ಗಟ್ಟಿ ತುಂಡು ಇದ್ದಲ್ಲೇ ನಿಲ್ಲುತ್ತದೆ. ಅಂಗಳಕ್ಕೆ ಹೋದಾಗ ಗಾಳಿಗೆ ಬಾಗಿಲು ಬಡಿದುಕೊಂಡು ಹೊರಗೇ ಉಳಿದವರು ಆ ಗುಂಡಿಯನ್ನು ಮತ್ತೆ ಮರೆಯುವುದಿಲ್ಲ.

ಮಾರ್ಟಿಸ್ ಲಾಕ್‌ನ ಒಳಗೆ ಬರೋಣ. ಮರದೊಳಗೆ ಕೂತ ಲೋಹದ ಪೆಟ್ಟಿಗೆಗೆ ಬಾಡಿ ಎಂದು ಹೆಸರು. ಕೆಲವರು ಕೇಸ್ ಎನ್ನುತ್ತಾರೆ. ಅಂಚಿನಲ್ಲಿ ಕಾಣುವ ಪಟ್ಟಿ ಫೇಸ್ ಪ್ಲೇಟ್. ಅದರ ಮೇಲೊಂದು ಕೆಳಗೊಂದು ಸ್ಕ್ರೂ ಬಾಡಿಯನ್ನು ಮರಕ್ಕೆ ಹಿಡಿದಿರುತ್ತವೆ. ನಡುವೆ, ಕೀ ತೂತಿನ ಎತ್ತರಕ್ಕೆ ಸರಿಯಾಗಿ ಇನ್ನೊಂದು ಸ್ಕ್ರೂ ಇರುತ್ತದೆ. ಅದು ಉದ್ದ, ಸಪೂರ. ಸಿಲಿಂಡರನ್ನು ಹಿಡಿದಿರುವುದು ಅದೊಂದೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫೇಸ್ ಪ್ಲೇಟ್‌ನಿಂದ ಎರಡು ತುಂಡುಗಳು ಹೊರಗೆ ಬರುತ್ತವೆ. ಹೊರಗೆ ಚಾಚಿ ಒಳಗೆ ಸರಿಯುವ ಈ ತುಂಡನ್ನು ನಾಲಿಗೆ ಎಂದರೆ ಯಾರಿಗೂ ಅರ್ಥವಾಗುತ್ತದೆ. ಒಂದು ನಾಲಿಗೆಯ ಮೂತಿ ಓರೆ. ಬೆರಳಿಂದ ಒತ್ತಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಹೊರಗೆ ಬರುತ್ತದೆ. ಇದು ಲ್ಯಾಚ್. ಹಿಂದೆ ಸ್ಪ್ರಿಂಗ್ ಇದೆ, ಹ್ಯಾಂಡಲ್ ಒತ್ತಿದಾಗ ಸರಿಯುತ್ತದೆ. ಬಾಗಿಲು ಗಾಳಿಗೆ ತೆರೆದುಕೊಳ್ಳದ ಹಾಗೆ ಹಿಡಿದಿಡುವುದಷ್ಟೇ ಇದರ ಕೆಲಸ. ಇನ್ನೊಂದು ಚೌಕ ಮೂತಿಯದು, ದಪ್ಪ, ಗಟ್ಟಿ. ಇದು ಡೆಡ್‌ಬೋಲ್ಟ್. ಇದರ ಹಿಂದೆ ಸ್ಪ್ರಿಂಗ್ ಇಲ್ಲ. ಹೊರಗೆ ಬಂದ ಮೇಲೆ ಎಷ್ಟು ಒತ್ತಿದರೂ ಒಳಗೆ ಹೋಗುವುದಿಲ್ಲ, ಕೀ ತಿರುಗಿಸಿದರೆ ಮಾತ್ರ ಹೋಗುತ್ತದೆ. ಹೆಸರಲ್ಲಿ ‘ಡೆಡ್’ ಬಂದದ್ದು ಅದಕ್ಕೇ.

ಈ ವ್ಯತ್ಯಾಸವನ್ನು ಒತ್ತಿ ಹೇಳಲು ಕಾರಣವಿದೆ. ‘ಬಾಗಿಲು ಎಳೆದುಕೊಂಡು ಹೋದೆ, ಹೊರಗಿನಿಂದ ಹ್ಯಾಂಡಲ್ ತಿರುಗಲ್ಲ, ಲಾಕ್ ಆಗಿದೆ’ ಎಂದು ತುಂಬ ಜನ ನಂಬಿದ್ದಾರೆ. ಆಗ ಬಾಗಿಲನ್ನು ಹಿಡಿದಿರುವುದು ಲ್ಯಾಚ್ ಒಂದೇ. ಓರೆ ಮೂತಿಯ ಆ ತುಂಡನ್ನು ಸಂದಿಯಿಂದ ಒತ್ತಿ ಸರಿಸುವುದು ಕಷ್ಟವೇನಲ್ಲ. ಮನೆ ಬಿಟ್ಟು ಹೋಗುವಾಗ ಕೀ ತಿರುಗಿಸಿ ಡೆಡ್‌ಬೋಲ್ಟ್ ಹೊರಗೆ ಬರಿಸಲೇಬೇಕು. ಕೆಲವು ಲಾಕ್‌ಗಳಲ್ಲಿ ಕೀ ಎರಡು ಸುತ್ತು ತಿರುಗುತ್ತದೆ, ಎರಡನೇ ಸುತ್ತಿಗೆ ನಾಲಿಗೆ ಇನ್ನಷ್ಟು ಹೊರಗೆ ಬರುತ್ತದೆ. ಅಂಗಡಿಯಲ್ಲಿ ಇದನ್ನು ‘ಡಬಲ್ ಥ್ರೋ’ ಎನ್ನುತ್ತಾರೆ. ಥ್ರೋ ಎಂದರೆ ನಾಲಿಗೆ ಎಷ್ಟು ದೂರ ಹೊರಗೆ ಬರುತ್ತದೆ ಎಂಬ ಅಳತೆ. ಬ್ರಿಟನ್ನಿನ ಬಿಎಸ್ 3621 ಮಾನದಂಡ ಇದಕ್ಕೆ ಕನಿಷ್ಠ 20 ಮಿ.ಮೀ. ಇರಬೇಕು ಎನ್ನುತ್ತದೆ. ನಮ್ಮಲ್ಲೂ ಅದನ್ನೇ ಅಳತೆಗೋಲು ಮಾಡಿಕೊಂಡರೆ ನಷ್ಟವಿಲ್ಲ. ಎರಡು ಸುತ್ತಿನ ಲಾಕ್ ಇದ್ದೂ ಒಂದೇ ಸುತ್ತು ತಿರುಗಿಸಿ ಹೋಗುವವರು ಜಾಸ್ತಿ. ದಯವಿಟ್ಟು ಎರಡೂ ಸುತ್ತು ತಿರುಗಿಸಿ.

ಎರಡು ಹ್ಯಾಂಡಲ್‌ಗಳ ನಡುವೆ ಬಾಗಿಲಿನ ಆಚೆ ಈಚೆ ಹಾದುಹೋಗುವ ಚೌಕ ಸರಳು ಸ್ಪಿಂಡಲ್. ಅದು ಬಾಡಿಯಲ್ಲಿರುವ ಚೌಕ ತೂತಿನ ತುಂಡನ್ನು ತಿರುಗಿಸಿ ಲ್ಯಾಚ್ ಎಳೆಯುತ್ತದೆ. ಹ್ಯಾಂಡಲ್ ಜೋತುಬಿದ್ದಿದ್ದರೆ ಹೆಚ್ಚಾಗಿ ಹ್ಯಾಂಡಲ್‌ನ ಸ್ಪ್ರಿಂಗ್ ಸೋತಿರುತ್ತದೆ, ಇಲ್ಲವೇ ಸ್ಪಿಂಡಲ್ ಹಿಡಿದಿರುವ ಸಣ್ಣ ಸ್ಕ್ರೂ ಸಡಿಲಾಗಿರುತ್ತದೆ. ಅದಕ್ಕೂ ಪೂರ್ತಿ ಲಾಕ್ ಬೇಡ. ಹ್ಯಾಂಡಲ್ ಹಿಂದಿನ ಉದ್ದ ಪಟ್ಟಿಗೆ ಪ್ಲೇಟ್ ಎಂದೂ, ದುಂಡು ಬಿಲ್ಲೆಗೆ ರೋಸ್ ಎಂದೂ ಹೆಸರು. ಇವೆರಡು ಬಹಳಮಟ್ಟಿಗೆ ಅಂದಕ್ಕೆ.

ಈಗ ನಿಮಗೆ ಬೇಕಾದ ಸಿಲಿಂಡರ್. ನಮ್ಮ ಅಂಗಡಿಗಳಲ್ಲಿ ಮಾರ್ಟಿಸ್ ಲಾಕ್‌ಗೆ ಸಿಗುವುದು ಹೆಚ್ಚಾಗಿ ಯುರೋ ಪ್ರೊಫೈಲ್ ಸಿಲಿಂಡರ್. ತುದಿಯಿಂದ ನೋಡಿದರೆ ಮೇಲೆ ದುಂಡು, ಕೆಳಗೆ ಬಾಲದಂಥ ಭಾಗ. ಉದ್ದಕ್ಕೆ ನೋಡಿದರೆ ನಟ್ಟನಡುವೆ ಒಂದು ಸಣ್ಣ ರೆಕ್ಕೆ ತಿರುಗುತ್ತಿರುತ್ತದೆ. ಅದು ಕ್ಯಾಮ್. ನೀವು ಕೀ ತಿರುಗಿಸಿದಾಗ ಈ ಕ್ಯಾಮ್ ತಿರುಗಿ ಬಾಡಿಯೊಳಗಿನ ಡೆಡ್‌ಬೋಲ್ಟನ್ನು ನೂಕುತ್ತದೆ. ಅಂದರೆ ಸಿಲಿಂಡರ್ ಮತ್ತು ಬೋಲ್ಟ್ ಬೇರೆ ಬೇರೆ ವಸ್ತುಗಳು, ನಡುವಿನ ಕೊಂಡಿ ಈ ಕ್ಯಾಮ್ ಮಾತ್ರ. ಸಿಲಿಂಡರ್ ಬದಲಿಸಿದರೆ ಹಳೆಯ ಕೀ ಕೆಲಸಕ್ಕೆ ಬಾರದು, ಹಳೆಯ ಬೋಲ್ಟ್ ಮಾತ್ರ ಹಾಗೇ ಕೆಲಸ ಮಾಡುತ್ತದೆ. ಕಳೆದ ಕೀ ಯಾರ ಕೈಗೆ ಸಿಕ್ಕಿದ್ದರೂ ಆಮೇಲೆ ಚಿಂತೆಯಿಲ್ಲ.

ಸಿಲಿಂಡರ್ ಕೀಯನ್ನು ಹೇಗೆ ಗುರುತಿಸುತ್ತದೆ ಎನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ. ಕೀ ಹೋಗುವ ಒಳಗಿನ ದುಂಡು ತುಂಡಿಗೆ ಪ್ಲಗ್ ಎನ್ನುತ್ತಾರೆ. ಅದು ಹೊರಗಿನ ಗಟ್ಟಿ ಚಿಪ್ಪಿನೊಳಗೆ ತಿರುಗಬೇಕು. ಚಿಪ್ಪಿನಿಂದ ಪ್ಲಗ್‌ಗೆ ಇಳಿಯುವಂತೆ ಸಾಲಾಗಿ ಐದೋ ಆರೋ ತೂತುಗಳು. ಪ್ರತಿ ತೂತಿನಲ್ಲಿ ಎರಡು ಪಿನ್, ಒಂದರ ಮೇಲೊಂದು, ಹಿಂದೆ ಒಂದು ಪುಟ್ಟ ಸ್ಪ್ರಿಂಗ್. ಕೀ ಇಲ್ಲದಾಗ ಸ್ಪ್ರಿಂಗ್ ಒತ್ತುವುದರಿಂದ ಹಿಂದಿನ ಪಿನ್ ಅರ್ಧ ಚಿಪ್ಪಿನಲ್ಲಿ, ಅರ್ಧ ಪ್ಲಗ್‌ನಲ್ಲಿ ನಿಂತು ತಿರುಗಲು ಬಿಡುವುದಿಲ್ಲ. ಸರಿಯಾದ ಕೀ ಒಳಗೆ ಹೋದಾಗ ಅದರ ಏರಿಳಿತಗಳು ಪ್ರತಿ ಜೋಡಿ ಪಿನ್ನನ್ನೂ ಬೇಕಾದಷ್ಟೇ ಎತ್ತುತ್ತವೆ. ಎರಡು ಪಿನ್‌ಗಳು ಕೂಡುವ ಗೆರೆ, ಪ್ಲಗ್ ಮತ್ತು ಚಿಪ್ಪು ಕೂಡುವ ಗೆರೆಗೆ ಸರಿಯಾಗಿ ಬರುತ್ತದೆ. ಎಲ್ಲ ತೂತುಗಳಲ್ಲೂ ಒಟ್ಟಿಗೆ ಹಾಗೆ ಬಂದರೆ ಪ್ಲಗ್ ತಿರುಗುತ್ತದೆ. ಒಂದೇ ಒಂದು ಪಿನ್ ಕೂದಲೆಳೆಯಷ್ಟು ಮೇಲೆ ಕೆಳಗೆ ಆದರೂ ಇಲ್ಲ. ಇಂಥ ಪಿನ್ ಬೀಗವನ್ನು ಮರದಲ್ಲಿ ಪ್ರಾಚೀನ ಈಜಿಪ್ಟಿನವರೇ ಮಾಡಿದ್ದರು. ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳುವಷ್ಟು ಸಣ್ಣ ಚಪ್ಪಟೆ ಕೀಗೆ ಒಗ್ಗಿಸಿದವರು ಅಮೆರಿಕದ ಲೈನಸ್ ಯೇಲ್ ಜೂನಿಯರ್. 1861 ಮತ್ತು 1865ರಲ್ಲಿ ಅವರು ಅದಕ್ಕೆ ಪೇಟೆಂಟ್ ಪಡೆದರು. ನಿಮ್ಮ ಬಾಗಿಲಲ್ಲಿರುವುದು ಅದೇ ಕ್ರಮದ ಮುಂದುವರಿಕೆ.

ಕೀಗೂ ಭಾಗಗಳಿವೆ. ಕೈಯಲ್ಲಿ ಹಿಡಿಯುವುದು ತಲೆ, ಒಳಗೆ ಹೋಗುವುದು ಅಲಗು, ಅಲಗಿನ ಮೇಲೆ ಕೊರೆದದ್ದು ಹಲ್ಲು. ಹಲ್ಲು ಕೊರೆಯುವ ಮೊದಲಿನ ಖಾಲಿ ಕೀಯನ್ನು ಬ್ಲ್ಯಾಂಕ್ ಎನ್ನುತ್ತಾರೆ. ನಕಲಿ ಕೀ ಮಾಡಿಸುವಾಗ ಯಾವಾಗಲೂ ಕಂಪನಿಯಿಂದ ಬಂದ ಮೂಲ ಕೀಯನ್ನೇ ಕೊಡಿ. ನಕಲಿನ ನಕಲು ಮಾಡಿಸಿದರೆ ಸಣ್ಣ ಸಣ್ಣ ತಪ್ಪುಗಳು ಕೂಡುತ್ತಾ ಹೋಗಿ ಕೀ ಒದ್ದಾಡುತ್ತದೆ, ಪಿನ್ನೂ ಸವೆಯುತ್ತದೆ. ಚಪ್ಪಟೆ ಮೈ ಮೇಲೆ ಸಣ್ಣ ಸಣ್ಣ ಗುಳಿಗಳಿರುವ ಕೀಗೆ ಅಂಗಡಿಗಳಲ್ಲಿ ‘ಕಂಪ್ಯೂಟರ್ ಕೀ’ ಎನ್ನುತ್ತಾರೆ. ಅದರಲ್ಲಿ ಕಂಪ್ಯೂಟರ್ ಏನೂ ಇಲ್ಲ. ಸರಿಯಾದ ಹೆಸರು ಡಿಂಪಲ್ ಕೀ. ಒಳಗಿನ ತತ್ವ ಅದೇ ಪಿನ್, ಅದೇ ಸ್ಪ್ರಿಂಗ್. ಆದರೆ ಬೀದಿ ಬದಿಯ ಸಾದಾ ಯಂತ್ರದಲ್ಲಿ ಅದರ ನಕಲು ಮಾಡುವುದು ಕಷ್ಟ. ಹೊಸದು ಕೊಳ್ಳುವಾಗ ಸ್ವಲ್ಪ ಹೆಚ್ಚು ದುಡ್ಡು ಕೊಡಲು ಆಗುವುದಾದರೆ ಇದನ್ನೇ ಕೊಳ್ಳಿ ಎನ್ನುತ್ತೇನೆ.

‘ಅರವತ್ತಾ, ಎಪ್ಪತ್ತಾ’ ಎಂದು ಕೇಳಿದ್ದು ಸಿಲಿಂಡರಿನ ಒಟ್ಟು ಉದ್ದ, ಮಿಲಿಮೀಟರಿನಲ್ಲಿ. ಅದನ್ನು ಅಳೆಯುವುದು ನಡುವಿನ ಸ್ಕ್ರೂ ತೂತಿನಿಂದ. ತೂತಿನ ಮಧ್ಯದಿಂದ ಆ ಕಡೆ 30, ಈ ಕಡೆ 30 ಇದ್ದರೆ ಅದು 60. ಎರಡೂ ಕಡೆ 35 ಇದ್ದರೆ 70. ಎರಡು ಕಡೆ ಬೇರೆ ಬೇರೆ ಉದ್ದದ್ದೂ ಸಿಗುತ್ತದೆ, ಹಾಗಾಗಿ ಎರಡನ್ನೂ ಬೇರೆಯಾಗಿ ಬರೆದುಕೊಳ್ಳಿ. ನಿಮ್ಮ ಬಾಗಿಲು 40 ಮಿ.ಮೀ. ದಪ್ಪ, ಎರಡು ಕಡೆಯ ಹ್ಯಾಂಡಲ್ ಪ್ಲೇಟ್ 10-10 ಮಿ.ಮೀ. ಎಂದಾದರೆ 60 ಸರಿಹೋಗುತ್ತದೆ. ತುಂಬ ದಪ್ಪ ಬಾಗಿಲಾದರೆ 70 ಬೇಕಾದೀತು. ಗಿಡ್ಡದಾದರೆ ಕೀ ಸರಿಯಾಗಿ ಸಿಗುವುದಿಲ್ಲ. ಉದ್ದವಾದರೆ ಹೊರಗೆ ಚಾಚಿಕೊಂಡಿರುತ್ತದೆ, ಅದು ಅಪಾಯ. ಯುರೋ ಸಿಲಿಂಡರ್ ಅತ್ಯಂತ ಸಪೂರ ಇರುವುದು ಆ ಸ್ಕ್ರೂ ತೂತಿನ ಜಾಗದಲ್ಲಿ. ಹೊರಗೆ ಚಾಚಿದ ತುದಿಯನ್ನು ಇಕ್ಕಳದಿಂದ ಹಿಡಿದು ಮುರಿದರೆ ಅದು ಅಲ್ಲೇ ತುಂಡಾಗುತ್ತದೆ. ಪ್ಲೇಟಿನಿಂದ ಹೊರಗೆ 2-3 ಮಿ.ಮೀ.ಗಿಂತ ಹೆಚ್ಚು ಕಾಣಬಾರದು. ಕೆಲವು ಸಿಲಿಂಡರ್‌ಗಳಿಗೆ ಡ್ರಿಲ್ ತಡೆಯುವ ಗಟ್ಟಿ ಪಿನ್, ಮುರಿಯದಂತೆ ಬಲಪಡಿಸಿದ ನಡುಭಾಗ ಇರುತ್ತವೆ. ಮುಂಬಾಗಿಲಿಗೆ ಅವನ್ನು ಕೇಳಿ ಪಡೆಯಿರಿ.

‘ಎರಡೂ ಕಡೆ ಕೀ’ ಎಂದರೆ ಒಳಗಿನಿಂದಲೂ ಹೊರಗಿನಿಂದಲೂ ಕೀ ಹಾಕಿಯೇ ತೆರೆಯುವ ಸಿಲಿಂಡರ್. ‘ಒಂದು ಕಡೆ ಕೀ, ಒಂದು ಕಡೆ ನಾಬ್’ ಎಂದರೆ ಒಳಗಡೆ ಬೆರಳಿಂದ ತಿರುಗಿಸುವ ಗುಂಡಿ. ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಮನುಷ್ಯರು ಮಲಗುವ ಮನೆಯ ಮುಂಬಾಗಿಲಿಗೆ ಒಳಗಡೆ ನಾಬ್ ಇರಲಿ. ರಾತ್ರಿ ಬೆಂಕಿ ಬಿದ್ದರೆ, ಗ್ಯಾಸ್ ಸೋರಿದರೆ, ಹಿರಿಯರಿಗೆ ಹುಷಾರು ತಪ್ಪಿದರೆ ಕತ್ತಲಲ್ಲಿ ಕೀ ಹುಡುಕುವ ಪರಿಸ್ಥಿತಿ ಬರಬಾರದು. ಎರಡೂ ಕಡೆ ಕೀ ಇರುವ ಸಾದಾ ಸಿಲಿಂಡರಿನಲ್ಲಿ ಇನ್ನೊಂದು ತೊಂದರೆಯಿದೆ. ಒಳಗಡೆ ಕೀ ಹಾಗೇ ಬಿಟ್ಟಿದ್ದರೆ ಹೊರಗಿನ ಕೀ ಕೆಲಸ ಮಾಡದೇ ಇರಬಹುದು. ಬಾಗಿಲಿನ ಪಕ್ಕದಲ್ಲೇ ಗಾಜು ಇದ್ದು, ಅದನ್ನು ಒಡೆದು ಕೈ ಹಾಕಿದರೆ ನಾಬ್ ಸಿಗುವಂತಿದ್ದರೆ ಮಾತ್ರ ಎರಡೂ ಕಡೆ ಕೀ ಯೋಚಿಸಿ. ಆಗಲೂ ಒಳಗಿನ ಕೀ ಎಲ್ಲರಿಗೂ ಗೊತ್ತಿರುವ ಒಂದೇ ಮೊಳೆಗೆ ನೇತಾಡುತ್ತಿರಬೇಕು.

ಬ್ಯಾಕ್‌ಸೆಟ್ ನಿಮಗೆ ಈ ಸಲ ಬೇಕಿಲ್ಲ, ಆದರೂ ಹೇಳಿಬಿಡುತ್ತೇನೆ. ಬಾಗಿಲಿನ ಅಂಚಿನ ಫೇಸ್ ಪ್ಲೇಟ್‌ನಿಂದ ಕೀ ತೂತಿನ ಮಧ್ಯದವರೆಗಿನ ದೂರ ಅದು. 45, 50, 55, 60 ಮಿ.ಮೀ. ಹೀಗೆ ಬರುತ್ತದೆ. ಸ್ಪಿಂಡಲ್‌ನ ಮಧ್ಯದಿಂದ ಕೀ ತೂತಿನ ಮಧ್ಯಕ್ಕೆ ಇರುವ ದೂರ ಇನ್ನೊಂದು ಅಳತೆ, ಅದನ್ನು ‘ಸೆಂಟರ್ ಟು ಸೆಂಟರ್’ ಎನ್ನುತ್ತಾರೆ. ನಮ್ಮಲ್ಲಿ 85 ಮಿ.ಮೀ. ಹೆಚ್ಚು ಕಾಣಸಿಗುತ್ತದೆ, ಯುರೋಪಿನ ಅಳತೆಯವು 72. ಬಾಡಿ ಬದಲಿಸುವ ದಿನ ಬಂದರೆ ಇವೆರಡೂ ಹಳೆಯದಕ್ಕೆ ಹೊಂದಬೇಕು. ಇಲ್ಲದಿದ್ದರೆ ಬಾಗಿಲಲ್ಲಿ ಹೊಸ ತೂತು ಬೀಳುತ್ತದೆ, ಹಳೆಯ ತೂತು ಹಾಗೇ ಉಳಿಯುತ್ತದೆ.

‘ಲಿವರ್’ ಎಂಬ ಪದ ನಿಮ್ಮ ಪ್ರಶ್ನೆಯಲ್ಲಿ ಇಲ್ಲ. ಆದರೆ ಅಂಗಡಿಯಲ್ಲಿ ನೇತುಹಾಕಿದ ಬೀಗಗಳ ಮೇಲೆ ‘7 ಲಿವರ್’, ‘6 ಲಿವರ್’ ಎಂದು ನೋಡಿರುತ್ತೀರಿ ಅಲ್ವಾ? ಅದು ಸಿಲಿಂಡರಿಗಿಂತ ಹಳೆಯ ಇನ್ನೊಂದು ಗುರುತಿಸುವ ಕ್ರಮ. ಪಿನ್‌ಗಳ ಬದಲು ಇಲ್ಲಿ ಸ್ಪ್ರಿಂಗ್ ಒತ್ತಿದ ತೆಳು ಹಲಗೆಗಳು ಒಂದರ ಪಕ್ಕ ಒಂದು ಇರುತ್ತವೆ. ಪ್ರತಿ ಹಲಗೆಯಲ್ಲೂ ಒಂದು ಕಚ್ಚು. ಕೀ ತಿರುಗಿದಾಗ ಅದರ ಮೆಟ್ಟಿಲುಗಳು ಪ್ರತಿ ಲಿವರನ್ನು ಬೇರೆ ಬೇರೆ ಎತ್ತರಕ್ಕೆ ಎತ್ತುತ್ತವೆ. ಎಲ್ಲ ಕಚ್ಚುಗಳು ಒಂದೇ ಸಾಲಿಗೆ ಬಂದಾಗ ಬೋಲ್ಟಿನ ಮೇಲಿನ ಗೂಟ ಅದರೊಳಗೆ ಸರಿಯುತ್ತದೆ, ಬೀಗ ತೆರೆಯುತ್ತದೆ. ಲಿವರ್ ಜಾಸ್ತಿ ಆದಷ್ಟೂ ತಪ್ಪು ಕೀ ಹೊಂದುವ ಸಾಧ್ಯತೆ ಕಡಿಮೆ. ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ 1778ರಲ್ಲಿ ಪೇಟೆಂಟ್ ಪಡೆದ ಬೀಗದಲ್ಲಿ ಮುಖ್ಯವಾದ ಹೊಸತನವೆಂದರೆ, ಲಿವರನ್ನು ಕಡಿಮೆ ಎತ್ತಿದರೂ ತೆರೆಯದು, ಜಾಸ್ತಿ ಎತ್ತಿದರೂ ತೆರೆಯದು. 1818ರಲ್ಲಿ ಜೆರೆಮಿಯಾ ಚಬ್ ಅದಕ್ಕೆ ಇನ್ನೊಂದು ಲಿವರ್ ಸೇರಿಸಿದರು. ಕಳ್ಳ ಕೈಯಾಡಿಸುವಾಗ ಯಾವುದಾದರೂ ಲಿವರ್ ಅಳತೆ ಮೀರಿ ಎದ್ದರೆ ಬೀಗ ಸಿಕ್ಕಿಕೊಳ್ಳುತ್ತಿತ್ತು. ಮಾಲೀಕ ಬಂದು ಕೀ ಹಾಕಿದಾಗ ಯಾರೋ ಪ್ರಯತ್ನಿಸಿದ್ದಾರೆ ಎಂದು ತಿಳಿಯುತ್ತಿತ್ತು. ಅದನ್ನು ತೆರೆಯಲಾಗದು ಎಂದೇ ಜನ ನಂಬಿದ್ದರು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದ ಕಾಲದಲ್ಲಿ ಅಮೆರಿಕದ ಆಲ್‌ಫ್ರೆಡ್ ಹಾಬ್ಸ್ ಎಂಬಾತ ಚಬ್ ಬೀಗವನ್ನೂ, ತೆರೆದವರಿಗೆ 200 ಗಿನಿ (ಆಗಿನ ಬ್ರಿಟಿಷ್ ಹಣ) ಬಹುಮಾನ ಒಡ್ಡಿದ್ದ ಬ್ರಾಮಾ ಕಂಪನಿಯ ಬೀಗವನ್ನೂ ತೆರೆದು ತೋರಿಸಿದ. ಆಗಿನಿಂದ ‘ಯಾರೂ ತೆರೆಯಲಾಗದ ಬೀಗ’ ಎಂಬ ಮಾತನ್ನು ತಿಳಿದವರು ಆಡುವುದಿಲ್ಲ.

ನಮ್ಮ ದೇಶದಲ್ಲಿ ಲಿವರ್ ಬೀಗಕ್ಕೆ ಇನ್ನೂ ಗೌರವವಿದೆ. ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬೈಯಲ್ಲಿ ಬೀಗದ ಕೆಲಸ ಶುರುಮಾಡಿದರು. ಉತ್ತರ ಪ್ರದೇಶದ ಅಲಿಗಢ ಬೀಗಕ್ಕೇ ಹೆಸರಾದ ಊರು. ತಮಿಳುನಾಡಿನ ದಿಂಡಿಗಲ್‌ನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಗೇಟಿಗೆ, ಉಗ್ರಾಣಕ್ಕೆ, ಅಂಗಡಿಯ ಶಟರಿಗೆ ಒಳ್ಳೆಯ ಲಿವರ್ ಬೀಗ ಇವತ್ತಿಗೂ ಸಾಕು.

ಇಷ್ಟಾಯಿತು, ಈಗ ಎಲ್ಲರೂ ಮರೆಯುವ ಮೂರನೇ ಕೆಲಸ. ನಾಲಿಗೆಗಳು ಹೋಗಿ ಕೂರುವ ತೂತಿನ ಸುತ್ತ ಚೌಕಟ್ಟಿಗೆ ಹೊಡೆದ ತಗಡಿನ ಹೆಸರು ಸ್ಟ್ರೈಕ್ ಪ್ಲೇಟ್. ಲಾಕ್ ಎಷ್ಟೇ ದುಬಾರಿ ಇರಲಿ, ಬಾಗಿಲನ್ನು ಒದ್ದಾಗ ಪೆಟ್ಟು ಬಂದು ನಿಲ್ಲುವುದು ಇಲ್ಲಿ. ನಾನು ನೋಡಿದ ಮುರಿದ ಬಾಗಿಲುಗಳಲ್ಲಿ ಬೋಲ್ಟ್ ನೆಟ್ಟಗೇ ಇದ್ದು, ಚೌಕಟ್ಟಿನ ಮರ ಸೀಳಿಹೋಗಿದ್ದೇ ಹೆಚ್ಚು. ಲಾಕ್ ಜೊತೆ ಬರುವ ಸ್ಕ್ರೂಗಳು ಗಿಡ್ಡ. ಅವು ಮರದ ಮೇಲ್ಮೈಯನ್ನಷ್ಟೇ ಹಿಡಿಯುತ್ತವೆ. ಅವನ್ನು ತೆಗೆದು, ಚೌಕಟ್ಟಿನ ಆಳಕ್ಕೆ ಹೋಗುವ ಉದ್ದ ಸ್ಕ್ರೂ ಹಾಕಿಸಿ. ಖರ್ಚು ಏನೇನೂ ಅಲ್ಲ, ಬಲ ಎಷ್ಟೋ ಪಾಲು ಹೆಚ್ಚು. ಹಿಂದೆ ಡಬ್ಬಿಯಂಥ ಗೂಡು ಇರುವ ಸ್ಟ್ರೈಕ್ ಪ್ಲೇಟ್ ಸಿಕ್ಕಿದರೆ ಇನ್ನೂ ಒಳ್ಳೆಯದು.

ಮಲೆನಾಡಿನ ಹಳೆಯ ಮನೆಗಳಲ್ಲಿ ಇದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಅಗಳಿ ಎಂದರೆ ಬಾಗಿಲ ಹಿಂದೆ ಅಡ್ಡಕ್ಕೆ ಸರಿಸುವ ಮರದ ದಿಮ್ಮಿ. ಅದರ ತುದಿ ಹೋಗಿ ಕೂರುತ್ತಿದ್ದದ್ದು ದಪ್ಪ ಗೋಡೆಯೊಳಗಿನ ಗೂಡಿನಲ್ಲಿ. ಬಾಗಿಲನ್ನು ದೂಡಿದರೆ ಗೋಡೆಯನ್ನೇ ದೂಡಿದ ಹಾಗೆ. ಈಗಿನ ಡೆಡ್‌ಬೋಲ್ಟ್ ಅದರ ವಂಶದ್ದೇ, ಗೋಡೆಯ ಜಾಗಕ್ಕೆ ಮಾತ್ರ ತೆಳು ತಗಡು ಬಂದಿದೆ. ನಿಮ್ಮ ಮನೆಯಲ್ಲಿ ಅಗಳಿ ಇನ್ನೂ ಇದ್ದರೆ ರಾತ್ರಿ ಅದನ್ನೂ ಹಾಕಿ. ಚಿಲಕ ಎಂದು ನಾವು ಕರೆಯುವ, ಮೇಲೆ ಕೆಳಗೆ ಸರಿಯುವ ಸರಳು ಅಂಗಡಿಯಲ್ಲಿ ಟವರ್ ಬೋಲ್ಟ್. ಹೊರಗಡೆ ಅಡ್ಡಕ್ಕೆ ಸರಿದು, ಕೊಂಡಿಗೆ ಬೀಗ ಹಾಕಲು ಅನುವಾಗುವ ದಪ್ಪ ಸರಳು ಆಲ್‌ಡ್ರಾಪ್. ಭಾರತೀಯ ಮಾನಕಗಳಲ್ಲೂ ಅದಕ್ಕೆ ಆ ಹೆಸರು ಇದೆ, ಐಎಸ್ 2681 ಇದರದ್ದು, ಐಎಸ್ 204 ಟವರ್ ಬೋಲ್ಟಿನದು. ಫೋನಿನಲ್ಲಿ ಬೇರೆ ಊರಿನವರಿಗೆ ಹೇಳುವಾಗ ಸ್ವಲ್ಪ ಜಾಗ್ರತೆ. ಹುಬ್ಬಳ್ಳಿ, ಬೆಳಗಾವಿ ಕಡೆ ಕೀಲಿ ಎಂದರೆ ಬೀಗವೇ, ತೆರೆಯುವುದು ಕೀಲಿಕೈ ಅಥವಾ ಚಾವಿ. ಮೈಸೂರಿನ ಕಡೆ ಬೀಗ, ಬೀಗದ ಕೈ. ‘ಕೀಲಿ ಬದಲಿಸಿ’ ಎಂದರೆ ಒಬ್ಬರು ಬೀಗವನ್ನೇ ಬದಲಿಸಿಯಾರು, ಇನ್ನೊಬ್ಬರು ನಕಲಿ ಕೀ ಮಾಡಿಸಿ ತಂದಾರು.

ನಿಮ್ಮ ಮಳೆಗಾಲದ ತೊಂದರೆಗೆ ಒಂದು ಸುಲಭ ಪರೀಕ್ಷೆ. ಬಾಗಿಲನ್ನು ಪೂರ್ತಿ ತೆರೆದಿಟ್ಟು ಕೀ ತಿರುಗಿಸಿ. ಬೋಲ್ಟ್ ಸಲೀಸಾಗಿ ಹೊರಗೆ ಬಂದು ಒಳಗೆ ಹೋದರೆ ಲಾಕ್ ಚೆನ್ನಾಗಿದೆ. ಬಾಗಿಲು ಮುಚ್ಚಿದಾಗ ಮಾತ್ರ ಬಿಗಿಯಾಗುತ್ತಿದೆ ಎಂದರೆ ಬೋಲ್ಟ್ ಹೋಗಿ ಸ್ಟ್ರೈಕ್ ಪ್ಲೇಟ್‌ನ ಅಂಚಿಗೆ ಬಡಿಯುತ್ತಿದೆ. ಮರ ತೇವ ಹೀರಿದಾಗ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚೇನೂ ಬೆಳೆಯುವುದಿಲ್ಲ. ಜೊತೆಗೆ ಹಿಂಜ್‌ನ ಸ್ಕ್ರೂ ಸಡಿಲವಾದರೆ ಬಾಗಿಲು ತುಸು ಕೆಳಗೆ ಜಗ್ಗುತ್ತದೆ. ಬೋಲ್ಟಿನ ಮೂತಿಗೆ ಸೀಮೆಸುಣ್ಣ ಬಳಿದು, ಬಾಗಿಲು ಮುಚ್ಚಿ ಕೀ ತಿರುಗಿಸಿ, ಮತ್ತೆ ತೆರೆದು ನೋಡಿ. ಗುರುತು ಎಲ್ಲಿ ಬಿದ್ದಿದೆಯೋ ಅಲ್ಲಿ ಬಡಿಯುತ್ತಿದೆ. ಮೊದಲು ಹಿಂಜ್‌ನ ಸ್ಕ್ರೂ ಬಿಗಿ ಮಾಡಿ. ಆಮೇಲೂ ಉಳಿದರೆ ಅರದಿಂದ ಪ್ಲೇಟ್‌ನ ತೂತನ್ನು ಒಂದೆರಡು ಮಿ.ಮೀ. ಉಜ್ಜಿದರೆ ಸಾಕು. ಬಾಗಿಲಿನ ತಲೆ ಮತ್ತು ತಳದ ಅಂಚಿಗೆ ಪಾಲಿಶ್ ಅಥವಾ ಪೇಂಟ್ ಹಾಕದೆ ಬಿಟ್ಟಿರುವುದು ತುಂಬ ಮನೆಗಳಲ್ಲಿ ಇದೆ. ತೇವ ಹೆಚ್ಚಾಗಿ ಒಳಗೆ ಹೋಗುವುದು ಆ ದಾರಿಯಲ್ಲೇ. ಬೇಸಿಗೆಯಲ್ಲಿ ಬಾಗಿಲು ಒಣಗಿದಾಗ ಅಲ್ಲಿಗೂ ಹಚ್ಚಿಸಿ.

ಕೀ ತೂತಿಗೆ ಕೊಬ್ಬರಿ ಎಣ್ಣೆ ಮಾತ್ರ ಬಿಡಬೇಡಿ. ಎರಡು ದಿನ ಹಾಯಾಗಿರುತ್ತದೆ, ಆಮೇಲೆ ಅದು ದೂಳು ಹಿಡಿದು ಅಂಟಾಗುತ್ತದೆ, ಪಿನ್‌ಗಳು ತೂತಿನಲ್ಲೇ ಸಿಕ್ಕಿಕೊಳ್ಳುತ್ತವೆ. ಸಿಲಿಂಡರಿಗೆ ಒಳ್ಳೆಯದು ಗ್ರಾಫೈಟ್ ಪುಡಿ. ಅದಿಲ್ಲದಿದ್ದರೆ ಮೆತ್ತನೆಯ ಪೆನ್ಸಿಲ್ಲನ್ನು ಕೀಯ ಹಲ್ಲುಗಳ ಮೇಲೆ ಚೆನ್ನಾಗಿ ಉಜ್ಜಿ, ಕೀಯನ್ನು ನಾಲ್ಕೈದು ಸಲ ಒಳಗೆ ಹೊರಗೆ ಮಾಡಿ.

ಇನ್ನು ಸಿಲಿಂಡರ್ ಬದಲಿಸುವ ಕೆಲಸ. ಬಾಗಿಲು ತೆರೆದಿಟ್ಟು, ಫೇಸ್ ಪ್ಲೇಟ್‌ನ ನಡುವಿನ ಉದ್ದ ಸ್ಕ್ರೂ ಪೂರ್ತಿ ಬಿಚ್ಚಿ. ಕೀ ಹಾಕಿ ಸ್ವಲ್ಪ ಮಾತ್ರ ತಿರುಗಿಸುತ್ತಾ, ಸಿಲಿಂಡರನ್ನು ಮೆಲ್ಲಗೆ ಹೊರಕ್ಕೆ ತಳ್ಳಿ. ಕ್ಯಾಮ್ ಸಿಲಿಂಡರಿನ ಮೈಯೊಂದಿಗೆ ಒಂದೇ ಸಾಲಿಗೆ ಬಂದ ಕ್ಷಣ ಅದು ಜಾರಿ ಬರುತ್ತದೆ. ಬರದಿದ್ದರೆ ಬಲ ಹಾಕಬೇಡಿ, ಕೀಯನ್ನು ಆಚೆ ಈಚೆ ಕೂದಲೆಳೆಯಷ್ಟು ತಿರುಗಿಸಿ ನೋಡಿ. ಹೊರಗೆ ಬಂದ ಸಿಲಿಂಡರನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ. ‘ಇದೇ ಅಳತೆಯ ಯುರೋ ಸಿಲಿಂಡರ್, ಒಂದು ಕಡೆ ಕೀ, ಒಂದು ಕಡೆ ನಾಬ್, ಡಿಂಪಲ್ ಕೀ ಇದ್ದರೆ ಕೊಡಿ’ ಎಂದರೆ ಸಾಕು. ಸಿಲಿಂಡರ್ ಇಲ್ಲದ ಬಾಗಿಲನ್ನು ಬಿಟ್ಟು ಹೋಗುವಾಗ ಮನೆಯಲ್ಲಿ ಯಾರಾದರೂ ಇರಲಿ.

ಹೊಸದನ್ನು ಕೂರಿಸಿ ಸ್ಕ್ರೂ ಬಿಗಿದ ಮೇಲೆ ಬಾಗಿಲನ್ನು ತೆರೆದೇ ಇಟ್ಟು, ಕೊಟ್ಟಿರುವ ಎಲ್ಲ ಕೀಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿ. ಒಳಗಿನ ನಾಬನ್ನೂ ತಿರುಗಿಸಿ. ಎಲ್ಲವೂ ಸಲೀಸಾಗಿದ್ದರೆ ಮಾತ್ರ ಬಾಗಿಲು ಮುಚ್ಚಿ, ಒಬ್ಬರು ಒಳಗೆ ಒಬ್ಬರು ಹೊರಗೆ ನಿಂತು ಇನ್ನೊಮ್ಮೆ ಪರೀಕ್ಷಿಸಿ. ಆಗ ಬಿಗಿಯಾದರೆ ತಪ್ಪು ಹೊಸ ಸಿಲಿಂಡರಿನದಲ್ಲ, ಸ್ಟ್ರೈಕ್ ಪ್ಲೇಟ್‌ಗೆ ಇನ್ನೊಂದಿಷ್ಟು ಅರ ಬೇಕು.